ಮರೆಪ್ಪ ಮುಚ್ಚಿದ ನಾಲ್ಕು ತೂತು

ಚೆಂಬೂರಿನ ನಮ್ಮ ಚಾಳಿನಲ್ಲಿ ಅವನನ್ನು ಎಲ್ಲರೂ ಡಾಂಬರು ಮರೆಪ್ಪ ಎಂದೇ ಕರೆಯುತ್ತಿದ್ದರು. ಬಿಜಾಪುರ ಜಿಲ್ಲೆಯ ಸಿಂದಗಿ ಕಡೆಯವನು. ಮಳೆಗಾಲಕ್ಕೆ ಮುಂಚೆ ಮುಂಬಯಿಯ ಬಿಲ್ಡಿಂಗುಗಳ ತಾರಸಿ ಹತ್ತಿ, ಬಿರುಕುಗಳಿಗೆ ಕಾಯಿಸಿದ ಡಾಂಬರು ತುಂಬುವುದು ಅವನ ಕೆಲಸ. ಅವನು ಮುಚ್ಚಿದ ಬಿರುಕಿನಿಂದ ಮತ್ತೆ ಹನಿ ಬಿದ್ದದ್ದಿಲ್ಲ.

1972ರಲ್ಲಿ ಒಂದು ಇಳಿಜಾರು ಶೀಟಿನ ಮಾಡಿನಿಂದ ಜಾರಿ ಬಿದ್ದು ಅವನ ಮೊಣಕಾಲು ಮುರಿಯಿತು. ಮೂಳೆ ಕೂಡಿತು, ಆದರೆ ಕಾಲು ಪೂರ್ತಿ ಮಡಚುತ್ತಿರಲಿಲ್ಲ. ಇನ್ನೊಮ್ಮೆ ಹತ್ತಿದರೆ ಹೆಣವಾಗಿಯೇ ಇಳಿಯುತ್ತಾನೆಂದು ಹೆಂಡತಿ ಹಾಲವ್ವ ಹೆದರಿದ್ದಳು. ಅವನಿಗೆ ನೆಲದ ಮೇಲೆ ನಿಂತು ಮಾಡುವ ಕೆಲಸ ಬೇಕಾಗಿತ್ತು.

ನಮ್ಮ ಆಫೀಸಿನ ಗಾಡಿಗಳು ಸಯನ್ನಿನಲ್ಲಿದ್ದ ಅಂಗಾರಣ್ಣನ ಗ್ಯಾರೇಜಿಗೆ ರಿಪೇರಿಗೆ ಹೋಗುತ್ತಿದ್ದವು. ಮರೆಪ್ಪನನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಅಂಗಾರಣ್ಣ ಉಡುಪಿ ಕಡೆಯವರು, ಮಾತು ಒರಟು.

"ಸುಮ್ಮನೆ ಕೂರಿಸಿ ಅನ್ನ ಹಾಕಲಿಕ್ಕೆ ಇದು ಛತ್ರ ಅಲ್ಲ ಮಾರಾಯ" ಎಂದರು. "ಮಳೆ ಬಂದರೆ ಸೋರುವ ಗಾಡಿಗಳು ಸಾಲಾಗಿ ಬರುತ್ತವೆ. ಸೋರುವುದನ್ನು ನಿಲ್ಲಿಸಿದರೆ ನೀನು ಇಲ್ಲಿರು. ಇಲ್ಲದಿದ್ದರೆ ನಿನ್ನ ತಾರಸಿ ಉಂಟಲ್ಲ."

ಮರುವರ್ಷದ ಮೇ ತಿಂಗಳಲ್ಲಿ ದಾದರಿನ ಫ್ರಾಮ್‌ರೋಜ್ ಎಂಬ ಪಾರ್ಸಿ ಮುದುಕರ ಕಾರು ಬಂತು. ಎರಡು ಬಾಗಿಲಿನ ಹಳೆಯ ಜರ್ಮನ್ ಸ್ಪೋರ್ಟ್ಸ್ ಕಾರು. ಅದರ ಮಾಡಿನ ನಡುವೆ ಒಂದು ಹಲಗೆ ಇತ್ತು. ಸ್ವಿಚ್ಚು ಒತ್ತಿದರೆ ಹಿಂದುಗಡೆಯ ಚಿಕ್ಕ ಮೋಟಾರು ಗುಂಯ್ ಎನ್ನುತ್ತಿತ್ತು, ಎರಡು ಉಕ್ಕಿನ ಕೇಬಲ್ಲುಗಳು ಆ ಹಲಗೆಯನ್ನು ಹಿಂದಕ್ಕೆ ಸರಿಸುತ್ತಿದ್ದವು. ತಲೆಯ ಮೇಲೆ ಆಕಾಶ ತೆರೆಯುತ್ತಿತ್ತು. ಮಳೆಗೆ ಮುಂಚೆ ಇದನ್ನೊಮ್ಮೆ ನೋಡಿಡು ಎಂದು ಅಂಗಾರಣ್ಣ ಮರೆಪ್ಪನಿಗೆ ಹೇಳಿ ಬೇರೆ ಕೆಲಸಕ್ಕೆ ಹೋದರು.

ಮರೆಪ್ಪ ಹಲಗೆಯನ್ನು ಸರಿಸಿ, ಅದರ ಸುತ್ತಲಿನ ಕಾಲುವೆಯಲ್ಲಿ ಬೆರಳಾಡಿಸಿದ. ನಾಲ್ಕು ಮೂಲೆಗಳಲ್ಲಿ ನಾಲ್ಕು ತೂತು ಸಿಕ್ಕವು. ತೂತು ಕಂಡರೆ ಮುಚ್ಚುವುದು ಅವನು ಬಲ್ಲ ವಿದ್ಯೆ. ಡಾಂಬರು ಕಾಯಿಸಿ ನಾಲ್ಕನ್ನೂ ಅಚ್ಚುಕಟ್ಟಾಗಿ ಮುಚ್ಚಿದ.

ಮೊದಲ ಮಳೆಯ ದಿನ ಫ್ರಾಮ್‌ರೋಜ್ ಗ್ಯಾರೇಜಿಗೆ ತಲೆಯಿಂದ ಸೊಂಟದವರೆಗೆ ನೆನೆದು ಬಂದರು. ದಾರಿಯಲ್ಲಿ ಬ್ರೇಕು ಹಾಕಿದಾಗಲೆಲ್ಲ ಮಾಡಿನಿಂದ ನೀರು ಸುರಿದಿತ್ತು.

"ಅಂಗಾರ, ನಿನ್ನೆವರೆಗೆ ಇದು ಕಾರು. ಇವತ್ತು ಬಾಥ್‌ರೂಮ್" ಎಂದರು ಹಿಂದಿಯಲ್ಲಿ. "ಒಂದು ಸೋಪು ಇಟ್ಟಿದ್ದರೆ ಸ್ನಾನವೇ ಮುಗಿಯುತ್ತಿತ್ತು. ಮೇಲೆ ತಗಡು ಹೊಡೆದು ಮುಚ್ಚಿಬಿಡು."

ಅಂಗಾರಣ್ಣ ಮರೆಪ್ಪನತ್ತ ತಿರುಗಿದರು. "ಎಂತದ್ದು ಮಾಡಿದೆ?"

"ತೂತೆಲ್ಲಾ ಮುಚ್ಚೇನ್ರಿ."

"ಯಾವ ತೂತು?"

"ನಾಕೂ ಮೂಲ್ಯಾಗಿನ್ವು."

"ಅದು ನೀರು ಹೋಗುವ ದಾರಿ ಮಾರಾಯ!"

ಸಂದಿಯಲ್ಲಿ ಇಳಿಯುವ ನೀರು ಕಾಲುವೆಗೆ ಬಿದ್ದು, ಆ ತೂತುಗಳಿಂದ ರಬ್ಬರ್ ಪೈಪಿನಲ್ಲಿ ಹರಿದು, ಬಾಗಿಲ ಕಂಬಗಳ ಒಳಗಿನಿಂದಲೂ ಹಿಂದಿನ ಗಾಲಿಗಳ ಹತ್ತಿರವೂ ನೆಲಕ್ಕೆ ಬೀಳಬೇಕು. ಹಾಗಿತ್ತು ಆ ಕಾರಿನ ಲೆಕ್ಕ.

ಬೇರೆಯವನಾಗಿದ್ದರೆ ಹಳೆಯ ಕಾರೆಂದು ಹೇಳಿ ಜಾರಿಕೊಳ್ಳುತ್ತಿದ್ದನೇನೋ. ಮರೆಪ್ಪ ಸಾಹೇಬರ ಮುಂದೆಯೇ ಹೋಗಿ, ತಪ್ಪು ನನ್ನದು, ರವಿವಾರದವರೆಗೆ ಗಾಡಿ ಬಿಡಿ, ಆಮೇಲೆ ಬೇಕಾದರೆ ತಗಡು ಹೊಡೆಸಿ ಎಂದ. ಮುದುಕರು ಅವನನ್ನು ಕಾಲಿನಿಂದ ಮೇಲಕ್ಕೆ ನೋಡಿ ಒಪ್ಪಿಕೊಂಡರು. ಅವರು ಹೋದ ಮೇಲೆ ಅಂಗಾರಣ್ಣ ಮೆಲ್ಲಗೆ ಹೇಳಿದರು, "ತಗಡು ಹೊಡೆದರೆ ಗಾಡಿಯ ಚಂದ ಹೋಯಿತು, ನಿನ್ನ ಕೆಲಸವೂ ಹೋಯಿತು. ತಿಳೀತಲ್ಲ?"

ಚಾಳಿನಲ್ಲಿ ಹಾಲವ್ವನ ಮಾತು ನಮ್ಮ ಕೋಣೆಗೂ ಕೇಳುತ್ತಿತ್ತು. "ಊರಾಗ ಮಾಳಿಗಿ ನೀರು ಹೋಗಾಕ ದೋಣಿ ಇರ್ತಿರಲಿಲ್ಲೇನು? ನಿಮ್ಮಪ್ಪ ಎಂದರ ಆ ದೋಣಿಗೆ ಮಣ್ಣು ಮೆತ್ತಿದ್ನೇನು? ಮುಂಬೈಗೆ ಬಂದು ಬಾಳ ಶಾಣ್ಯಾ ಆದಿ."

"ಹೌದಲಾ" ಎಂದು ಅವನು ನಕ್ಕುಬಿಟ್ಟ. "ಆ ದೊಡ್ಡ ಕೌದಿ ಕೊಡು, ಗಾಡಿ ಹಲಗಿ ಕೆಳಗ ಹಾಸಾಕ."

"ಕೌದಿಗೆ ಎಣ್ಣಿ ಹತ್ತಿದ್ರ ನೀನೂ ಗ್ಯಾರೇಜಿನ್ಯಾಗ ಮಲಕೋ."

ಮರುದಿನ ಹಲಗೆ ಕಳಚುವ ಕೆಲಸ ಶುರುವಾಯಿತು. ಅಂಗಾರಣ್ಣ, ಮರೆಪ್ಪ ಸೇರಿ ಮೊದಲು ಬ್ಯಾಟರಿಯ ತಂತಿ ಬಿಚ್ಚಿದರು. ಹಲಗೆಯನ್ನು ಸ್ವಲ್ಪ ತೆರೆದಿಟ್ಟು, ಒಳಗಿನ ಬಟ್ಟೆಯ ಚೌಕಟ್ಟನ್ನು ಕ್ಲಿಪ್ಪುಗಳಿಂದ ಬಿಡಿಸಿ ಹಿಂದಕ್ಕೆ ತಳ್ಳಿದರು. ಮುಂದಿನ ಸ್ಕ್ರೂಗಳು, ಹಿಂದಿನ ಹಿಡಿಗಳು ಬಿಚ್ಚಿದ ಮೇಲೆ ಇಬ್ಬರೂ ಹಲಗೆಯನ್ನು ನೆಟ್ಟಗೆ ಎತ್ತಿ ಕೌದಿಯ ಮೇಲೆ ಮಲಗಿಸಿದರು. ಬಣ್ಣಕ್ಕೆ ಒಂದು ಗೀರೂ ಬೀಳಲಿಲ್ಲ.

ಡಾಂಬರು ತೆಗೆಯುವುದು ಹಾಕಿದಷ್ಟು ಸುಲಭವಿರಲಿಲ್ಲ. ಸೀಮೆಎಣ್ಣೆ ಸುರಿದರೆ ರಬ್ಬರು ಕೆಡುತ್ತದೆ. ಮರೆಪ್ಪ ಕಡ್ಡಿಗೆ ಚಿಂದಿ ಸುತ್ತಿ, ಆ ಎಣ್ಣೆಯಲ್ಲಿ ಅದ್ದಿ, ಹಿಂಡಿ, ಚೂರುಚೂರೇ ಒರೆಸಿದ. ಆಮೇಲೆ ಸೈಕಲ್ಲಿನ ಬ್ರೇಕ್ ತಂತಿಯನ್ನು ಪೈಪಿನೊಳಗೆ ಮೆಲ್ಲಗೆ ತಿರುವುತ್ತ ಇಳಿಸಿದ. ಎಡಗಡೆಯ ಹಿಂದಿನ ಪೈಪು ಮಾತ್ರ ಬಿಡಲಿಲ್ಲ.

"ಗಾಳಿ ಹೊಡಿ, ಹೋಗ್ತದೆ" ಎಂದು ಅಂಗಾರಣ್ಣ ಕಂಪ್ರೆಸರಿನ ನಳಿಗೆ ತಂದರು.

"ಬ್ಯಾಡ್ರೀ. ಪೈಪು ಒಳಗ ಕಳಚಿದ್ರ ಕೈ ಎಟಕೂದಿಲ್ಲ."

ಅಂಗಾರಣ್ಣ ಗೊಣಗುತ್ತ ನಳಿಗೆ ವಾಪಸು ಇಟ್ಟರು. ಮರೆಪ್ಪ ಬಿಸಿನೀರಿನ ಬಟ್ಟೆಯಿಂದ ಪೈಪಿನ ಬಾಯಿಗೆ ಶಾಖ ಕೊಟ್ಟ. ಮಡಚದ ಕಾಲನ್ನು ಚಾಚಿ ಗಾಡಿಯ ಕೆಳಗೆ ಮಲಗಿ, ಪೈಪಿನ ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಊದಿದ, ಮತ್ತೆ ಶಾಖ ಕೊಟ್ಟ, ಮತ್ತೆ ಊದಿದ. ಅದು ತೆರೆಯುವ ಹೊತ್ತಿಗೆ ಅವನ ತುಟಿಗಳು ಕಪ್ಪಗಾಗಿದ್ದವು. ಚಹಾ ಕುಡಿದರೂ ಸೀಮೆಎಣ್ಣೆಯ ರುಚಿ ಹೋಗಲಿಲ್ಲ ಎಂದು ನನ್ನ ಹತ್ತಿರ ಹೇಳಿದ.

ಹಲಗೆ ತಿರುಗಿ ಕೂರಿಸುವಾಗ ಎರಡು ಕೇಬಲ್ಲುಗಳಿಗೂ ಸೀಮೆಸುಣ್ಣದ ಗುರುತು ಹಾಕಿದ. ಒಂದು ಮುಂದಾದರೆ ಹಲಗೆ ಓರೆಯಾಗಿ ಸಿಕ್ಕಿಬೀಳುತ್ತದೆ. "ಎರಡೂ ಎತ್ತು ಸಮ ಎಳೀಬೇಕ್ರಿ" ಎಂದ.

ರವಿವಾರ ಜೋರು ಮಳೆ. ಫ್ರಾಮ್‌ರೋಜ್ ಒಳಗೆ ಕೂತು ಬಾಗಿಲು ಹಾಕಿಕೊಂಡರು. ಮರೆಪ್ಪ ಗಾಡಿಯ ಪಕ್ಕದಲ್ಲಿ ನೀರಲ್ಲೇ ಅಂಗಾತ ಮಲಗಿದ. ಮುಂದಿನ ಎರಡೂ ಪೈಪುಗಳಿಂದ ನೀರು ಬಂತು. ಹಿಂದಿನ ಬಲಗಡೆಯದರಿಂದಲೂ ಬಂತು. ಎಡಗಡೆಯದು ಕಪ್ಪು ಹನಿಯೊಂದನ್ನು ಉಗುಳಿ ನಿಂತಿತು. ಅಂಗಾರಣ್ಣ ಬಗ್ಗಿ ನೋಡಿದರು. ಕೊನೆಗೆ ಅದರಿಂದಲೂ ದಾರದಂತೆ ನೀರು ಇಳಿಯಿತು.

ಮುದುಕರು ಕಿಟಕಿಯ ಗಾಜು ಇಳಿಸಿದರು. ಮಾಡಿನ ಒಳಬಟ್ಟೆಯನ್ನು ಸವರಿದ ಅಂಗೈಯನ್ನು ಹೊರಗೆ ಚಾಚಿ ತೋರಿಸಿದರು. "ಸೂಖಾ ಹೈ. ಒಂದು ಹನಿಯೂ ಇಲ್ಲ, ತಗಡು ಬೇಡ." ಚಾಚಿದ ಕೈ ಅಷ್ಟರಲ್ಲೇ ಮಳೆಗೆ ನೆನೆಯಿತು, ಮೂವರೂ ನಕ್ಕರು.

ಮರುವರ್ಷದಿಂದ ಪ್ರತಿ ಮೇ ತಿಂಗಳೂ ಆ ಕಾರು ಮರೆಪ್ಪನ ಕೈಗೇ ಬಂತು. ಕಾಲುವೆ ಒರೆಸುವುದು, ಹಲಗೆ ಸರಿಯುವ ಹಳಿಗಳಿಗೆ ತೆಳುವಾಗಿ ಗ್ರೀಸು ಸವರುವುದು, ಮೂಲೆ ಮೂಲೆಗೂ ಚೊಂಬಿನಿಂದ ನೀರು ಹಾಕಿ ಕೆಳಗೆ ಬರುವವರೆಗೆ ಕಾಯುವುದು. ಒಂದು ಸಲ ಅವನು ಹಾಗೆ ಕಾಯುತ್ತಿದ್ದಾಗ ಒಬ್ಬ ಕಂತ್ರಾಟುದಾರ ಬಂದು, ತಾರಸಿಗಳು ಬಹಳ ಇವೆ, ಬರುತ್ತೀಯಾ ಎಂದು ಕೇಳಿದ. ಮರೆಪ್ಪ ಗಾಲಿಯ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಅಂಗಾರಣ್ಣನ್ನ ಕೇಳ್ರಿ" ಎಂದ.

"ಅವನು ಇಲ್ಲಿಯವನು" ಎಂದರು ಅಂಗಾರಣ್ಣ. "ನೀವು ಚಾ ಕುಡಿದು ಹೋಗಿ."