ಇಲ್ಲದ ಅಂಕಪಟ್ಟಿ

ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಹಬೆ ಮಾವ ಎಂದೇ ಕರೆಯುತ್ತಿದ್ದರು. ಹಿಂದಿನ ಅಂಗಳದ ತಗಡಿನ ಕೋಣೆಯಲ್ಲಿ ಒಂದು ಬಾಯ್ಲರ್ ಇತ್ತು. ಇಪ್ಪತ್ತಾರು ವರ್ಷಗಳಿಂದ ಅದಕ್ಕೆ ನೀರು, ಉರಿ ಎರಡನ್ನೂ ಹದವಾಗಿ ಉಣಿಸಿ ಸಾಕಿದವನು ಅವನು. ಗೇಜಿನ ಮುಳ್ಳು ನೋಡುವ ಮೊದಲೇ ಅದರ ಉಸಿರು ಕೇಳಿ ಒತ್ತಡ ಎಷ್ಟೆಂದು ಹೇಳಿಬಿಡುತ್ತಿದ್ದ. ಆದರೆ ಕಾಗದದ ಮೇಲೆ ಅವನು ಬರೀ ಸಹಾಯಕ. ಪರವಾನಗಿ ಇದ್ದದ್ದು ಹಿರಿಯ ಆಪರೇಟರ್ ಹೆಸರಿನಲ್ಲಿ. ಆ ಹಿರಿಯರು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು, ದಿನಕ್ಕೆ ನಾಲ್ಕು ಸಲ ದಾಖಲೆ ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು.

ಅವರು ನಿವೃತ್ತರಾಗಲು ಆರು ತಿಂಗಳಿದೆ ಎನ್ನುವಾಗ ಮ್ಯಾನೇಜರ್ ಹಬೆ ಮಾವನನ್ನು ಕರೆಸಿದ. ಮಗನ ವಯಸ್ಸಿನವನು, ಮಾತು ಮೆತ್ತಗೆ. ಪರವಾನಗಿ ಪರೀಕ್ಷೆಗೆ ನಿಮ್ಮ ಹೆಸರನ್ನೇ ಕಳಿಸುತ್ತೇನೆ, ಮನೆಯವರೇ ಇರುವಾಗ ಹೊರಗಿನವರು ಯಾಕೆ ಎಂದ. ಹಬೆ ಮಾವನಿಗೆ ಎದೆ ತುಂಬಿ ಬಂತು. ಅಷ್ಟರಲ್ಲಿ ಮ್ಯಾನೇಜರ್ ಅರ್ಜಿಯ ಹಾಳೆ ತಿರುವಿದ.

"ಹತ್ತನೇ ಕ್ಲಾಸಿನ ಅಂಕಪಟ್ಟಿ ಒಂದು ತಂದುಬಿಡಿ ಯಜಮಾನ್ರೇ. ಫೈಲಲ್ಲಿ ಪಾಸು ಅಂತಿದೆ, ಕಾಪಿ ಮಾತ್ರ ಇಲ್ಲ."

ತರುತ್ತೇನೆ ಎಂದು ಎದ್ದು ಬಂದ. ಆದರೆ ತರಲು ಅಂಕಪಟ್ಟಿಯೇ ಇರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ, ಗಣಿತದ ಪರೀಕ್ಷೆಯ ದಿನ, ಅರ್ಧ ಗಂಟೆ ಪ್ರಶ್ನೆಪತ್ರಿಕೆಯನ್ನು ಪಿಳಿಪಿಳಿ ನೋಡುತ್ತ ಕೂತು, ಖಾಲಿ ಹಾಳೆ ಕೊಟ್ಟು ಹೊರಬಂದಿದ್ದ. ಫಲಿತಾಂಶ ನೋಡಲೂ ಹೋಗಲಿಲ್ಲ. ಬೇರೆ ಊರಿಗೆ ಬಂದು ಕೆಲಸ ಹುಡುಕುವಾಗ ಯಾರೋ ಎಷ್ಟು ಓದಿದ್ದೀಯ ಎಂದರು, ಹತ್ತು ಎಂದ. ಪಾಸೋ ಎಂದರು, ಹೂಂ ಎಂದ. ಆ ಒಂದು ಹೂಂ ಮುಂದೆ ಲಾಂಡ್ರಿಯ ಫೈಲು ಸೇರಿತು, ಹೆಣ್ಣು ಕೇಳಲು ಹೋದಾಗ ಮಾವನವರ ಕಿವಿ ಸೇರಿತು, ಮಗಳ ಶಾಲೆಯ ಅರ್ಜಿಯಲ್ಲಿ ತಂದೆಯ ವಿದ್ಯಾಭ್ಯಾಸ ಎನ್ನುವ ಗೆರೆಯ ಮೇಲೂ ಹತ್ತಿ ಕೂತಿತು.

ಅವನ ಹೆಂಡತಿ ಒಂದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಲಾಂಡ್ರಿಯ ಇಸ್ತ್ರಿ ವಿಭಾಗದವಳೊಬ್ಬಳು ಅಲ್ಲಿ ಮಾತ್ರೆ ಕೊಳ್ಳಲು ಹೋಗಿ, ಅವನಿಗಿಂತ ಮೊದಲೇ ಸುದ್ದಿ ಮುಟ್ಟಿಸಿಬಿಟ್ಟಳು. ಸಂಜೆ ಅವನು ಬಾಗಿಲು ತೆರೆದಾಗ ಹೆಂಡತಿ ಅಟ್ಟದ ಟ್ರಂಕು ಇಳಿಸಿಕೊಂಡು, ನೆಲದ ತುಂಬ ಕಾಗದ ಹರಡಿಕೊಂಡು ಕೂತಿದ್ದಳು. ಮುಖ ಮಾತ್ರ ಹಬ್ಬದಂತಿತ್ತು.

ಮೂರು ದಿನ ಮನೆಯೆಲ್ಲ ತಡಕಾಡಿದಳು. ಬೀರುವಿನ ಹಲಗೆಗೆ ಹಾಸಿದ್ದ ಪೇಪರ್ ಎತ್ತಿ ನೋಡಿದಳು, ಫೋಟೋಗಳ ಹಿಂಬದಿಯ ರಟ್ಟು ಬಿಚ್ಚಿದಳು. ಅವನೂ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಹುಡುಕಿದ. ಇಲ್ಲ ಎಂದು ಗೊತ್ತಿದ್ದೂ ಪ್ರತಿ ಹಾಳೆಯನ್ನು ತಿರುವಿ, ಛೇ ಇದಲ್ಲ ಎಂದು ಪಕ್ಕಕ್ಕಿಟ್ಟ. ನಾಲ್ಕನೆಯ ದಿನ ಅವಳು ಅತ್ತು ಕಣ್ಣು ಊದಿಸಿಕೊಂಡು ಅವನೆದುರು ನಿಂತಳು.

"ಹಿಂದಿನ ಮನೆ ಬಿಡುವಾಗ ಒಂದು ಚೀಲ ರದ್ದಿಗೆ ಹಾಕಿದ್ದೆ ರೀ. ಅದರಲ್ಲೇ ಹೋಗಿರಬೇಕು. ನಾನೇ ಕೈಯಾರೆ ಹಾಳು ಮಾಡಿದೆ."

"ಹೋಗ್ಲಿ ಬಿಡು" ಎಂದ ಅವನು. ಅವಳು ಬಿಡುವವಳಲ್ಲ. ಶನಿವಾರಕ್ಕೆ ರಜೆ ಕೇಳಿದ್ದಳು, ಬಸ್ಸಿನ ಸೀಟನ್ನೂ ಬುಕ್ ಮಾಡಿದ್ದಳು. ಅವನ ಹಳೆಯ ಶಾಲೆಗೆ ಹೋಗಿ ನಕಲು ಪ್ರತಿ ಬರೆಸಿಕೊಂಡು ಬರುವುದೆಂದು ತೀರ್ಮಾನವಾಯಿತು.

ಶುಕ್ರವಾರ ಬಾಯ್ಲರ್ ಮುಂದೆ ನಿಂತವನ ಕಣ್ಣು ಗೇಜಿನ ಮೇಲಿತ್ತು, ಮನಸ್ಸು ಆ ಶಾಲೆಯ ಆಫೀಸಿನಲ್ಲಿತ್ತು. ಗುಮಾಸ್ತ ರಿಜಿಸ್ಟರ್ ತೆಗೆಯುತ್ತಾನೆ, ಬೆರಳಿಟ್ಟು ಹುಡುಕುತ್ತಾನೆ, ಇವರು ಫೇಲಲ್ಲವೇ ಎನ್ನುತ್ತಾನೆ. ಹೆಂಡತಿ ತಿರುಗಿ ತನ್ನ ಮುಖ ನೋಡುತ್ತಾಳೆ. ಇದನ್ನೇ ಮತ್ತೆ ಮತ್ತೆ ಕಾಣುತ್ತಿದ್ದವನಿಗೆ ಬಾಯ್ಲರಿನ ಸದ್ದು ಬದಲಾದದ್ದು ತಡವಾಗಿ ಕೇಳಿಸಿತು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯತ್ತ ನೋಡಿದರೆ ತಳದಲ್ಲಿ ಎರಡು ಬೆರಳಷ್ಟು ನೀರು. ಪಂಪು ಹಾಕುವುದನ್ನೇ ಮರೆತಿದ್ದ. ಅವನ ಕೈ ತಾನಾಗಿ ಹೋಗಿ ಉರಿ ಆರಿಸಿತು. ಇನ್ನೂ ಸ್ವಲ್ಪ ಹೊತ್ತು ಹೋಗಿದ್ದರೆ ಬಾಯ್ಲರಿನೊಳಗಿನ ಬರಿದಾದ ಕೊಳವೆಗಳು ಕೆಂಪಗೆ ಕಾಯುತ್ತಿದ್ದವು. ಆಮೇಲೆ ನೀರು ಬಿಟ್ಟಿದ್ದರೆ ಬಾಯ್ಲರ್ ಸಿಡಿದು ತಗಡಿನ ಕೋಣೆಯೂ ಉಳಿಯುತ್ತಿರಲಿಲ್ಲ, ಗೋಡೆಯಾಚೆ ಬಟ್ಟೆ ಮಡಿಸುತ್ತಿದ್ದ ಹೆಂಗಸರೂ ಉಳಿಯುತ್ತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಲಾಂಡ್ರಿಯ ಯಂತ್ರಗಳೆಲ್ಲ ಹಾಡಹಗಲೇ ನಿಂತವು. ಹಿರಿಯರು ಪೇಪರ್ ಮಡಚಿ ಅವನನ್ನೇ ದಿಟ್ಟಿಸಿದರು.

ಮನೆಗೆ ಬಂದರೆ ಅವಳು ನಾಳೆಯ ಪ್ರಯಾಣಕ್ಕೆ ಚೀಲ ತುಂಬುತ್ತಿದ್ದಳು. ಅವನು ಚಪ್ಪಲಿಯನ್ನೂ ಬಿಡಲಿಲ್ಲ.

"ಚೀಲ ತುಂಬಬೇಡ. ಕಳೆದುಹೋಗೋಕೆ ಅಂಕಪಟ್ಟಿ ಇರಲೇ ಇಲ್ಲ. ನಾನು ಪಾಸಾಗಿಲ್ಲ."

ಅವಳು ತಮಾಷೆಯೆಂದುಕೊಂಡು ನಕ್ಕಳು. ಅವನು ನಗದಿದ್ದಾಗ ಅವಳ ನಗು ಮುಖದಲ್ಲೇ ಅಂಟಿಕೊಂಡು ನಿಂತು, ನಿಧಾನವಾಗಿ ಇಳಿಯಿತು. ಕೈಲಿದ್ದ ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ನಾನು ಓದು ಬಿಟ್ಟಿದ್ದು ಯಾಕೆ ಅಂತ ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವನು ಕೇಳಿಯೇ ಇರಲಿಲ್ಲ.

"ಹತ್ತು ಮುಗಿಸಿ ಮುಂದಕ್ಕೆ ಸೇರಿದ್ದೆ. ಪುಸ್ತಕಕ್ಕೆ ರಟ್ಟೂ ಹಾಕಿ ಆಗಿತ್ತು. ನೀವು ಬಂದು ಹೋದಮೇಲೆ ಅಪ್ಪ ಅಂದ್ರು, ಹುಡುಗ ಹತ್ತು ಪಾಸು, ನೀನೂ ಹತ್ತು ಪಾಸು, ಸರಿಸಮ ಆಯ್ತು, ಗಂಡನ್ನ ಮೀರಿ ಓದಿ ಮನೇಲಿ ಜಗಳ ಬೇಡ ಅಂತ. ಸರಿಸಮ ಅಂತ ನಾನೂ ಸುಮ್ಮನಾದೆ." ಅವಳ ದನಿ ಏರಲಿಲ್ಲ. "ಯಾವುದಕ್ಕೆ ಸರಿಸಮ ರೀ?"

ಹದಿನೆಂಟು ವರ್ಷ ಅವಳು ಆ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತಿದ್ದಳು. ಯಾವ ಮಾತ್ರೆ ಯಾವುದರ ಜೊತೆ ಕೂಡದು ಎನ್ನುವುದು ಅವಳಿಗೆ ಬಾಯಿಪಾಠ. ಆದರೂ ಮಾಲೀಕರ ತಂಗಿಯ ಮಗ ಬಂದು ನೋಡಿ ಹೂಂ ಅನ್ನದೆ ಒಂದು ಚೀಟಿಯೂ ಮುಂದಕ್ಕೆ ಹೋಗುವಂತಿರಲಿಲ್ಲ; ಅವನು ಔಷಧಿಯ ಕೋರ್ಸು ಮಾಡಿದವನು, ಇವಳು ಹತ್ತು.

ಆಮೇಲೆ ಊಟ ಹೊತ್ತಿಗೆ ಸರಿಯಾಗಿ ಎದುರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಸೋಮವಾರ ಅವನು ಮ್ಯಾನೇಜರ್ ಮುಂದೆಯೂ ಎಲ್ಲ ಹೇಳಿಬಿಟ್ಟ. ಕೆಲಸವೇ ಹೋಗಬಹುದೆಂದು ಗೊತ್ತಿತ್ತು. ಮ್ಯಾನೇಜರ್ ಪೆನ್ನು ಕೆಳಗಿಟ್ಟ. ಕೆಲಸ ಉಳಿಸುತ್ತೇನೆ, ಫೈಲು ತಿದ್ದಿಸುತ್ತೇನೆ, ಆದರೆ ಪರವಾನಗಿಗೆ ಹೊರಗಿನಿಂದಲೇ ಕರೆಸಬೇಕಾಗುತ್ತದೆ ಎಂದ. ಈಗ ಬರೆದು ಪಾಸಾದರೆ ಎಂದು ಹಬೆ ಮಾವ ಕೇಳಿದ. ಐವತ್ತನೇ ವಯಸ್ಸಿನಲ್ಲಾ ಎಂದು ಮ್ಯಾನೇಜರ್ ಹೇಳಲಿಲ್ಲ, ಮುಖ ಹೇಳಿತು.

ಮನೆಯಲ್ಲಿ ಮಾತು ನಿಂತ ಹನ್ನೊಂದನೆಯ ದಿನ ಬೆಳಿಗ್ಗೆ, ಶಾಲೆಗೆ ಹೋಗದೆ ಪರೀಕ್ಷೆ ಬರೆಯುವವರ ಅರ್ಜಿ ತರಲು ಹೊರಟೆ ಎಂದ. ಅವಳೂ ಚಪ್ಪಲಿ ಮೆಟ್ಟಿ ಜೊತೆಗೆ ಬಂದಳು. ಕಿಟಕಿಯ ಹಿಂದಿನ ಗುಮಾಸ್ತೆ ತಲೆಯೆತ್ತದೆ, ಯಾರಿಗೆ, ಮಗನಿಗಾ ಎಂದಳು. ನನಗೇ ಎಂದ ಅವನು. ಆಗ ಪಕ್ಕದಿಂದ ದನಿ ಬಂತು.

"ಹನ್ನೆರಡನೇದಕ್ಕೂ ಒಂದು ಅರ್ಜಿ ಕೊಡಿ. ನನಗೆ."

ಅವನು ತಿರುಗಿ ನೋಡಿದ. ಅವಳು ಅವನತ್ತ ನೋಡಲಿಲ್ಲ.

ಅಡುಗೆಮನೆಯ ಮೇಜಿನ ಆ ಬದಿ ಅವಳು, ಈ ಬದಿ ಅವನು. ಬೆಳಗಿನ ಒಂದೂವರೆ ಗಂಟೆ ಓದಿಗೆಂದು ಎತ್ತಿಟ್ಟರು. ಅವನ ಲೆಕ್ಕಗಳನ್ನು ಅವಳೇ ತಿದ್ದುತ್ತಿದ್ದಳು, ಕರುಣೆ ದಾಕ್ಷಿಣ್ಯ ಎರಡೂ ಇಲ್ಲದೆ. ಎಷ್ಟೋ ವಾರ ಅವಳ ಬಾಯಿಂದ ಅವನು ಕೇಳಿದ ಒಂದೇ ಪದ ‘ತಪ್ಪು’. ಲಾಂಡ್ರಿಯಲ್ಲಿ ಅವನನ್ನು ಹೆಡ್‌ಮಾಸ್ತರರೇ ಎಂದು ಕರೆದು ನಗುತ್ತಿದ್ದರು. ಹಿರಿಯರ ಜಾಗಕ್ಕೆ ಇಪ್ಪತ್ತೆಂಟು ವಯಸ್ಸಿನ ಹೊಸ ಆಪರೇಟರ್ ಬಂದ. ಬಾಯ್ಲರಿನ ಸದ್ದು ಕೇಳುವುದನ್ನು ಅವನಿಗೆ ಹಬೆ ಮಾವನೇ ಕಲಿಸಬೇಕಾಯಿತು.

ಗಣಿತದ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅಕ್ಷರಗಳು ಇರುವೆಗಳಂತೆ ಹರಿದಾಡಿದವು. ಗೋಡೆಯ ಗಡಿಯಾರ ಅರ್ಧ ಗಂಟೆ ದಾಟಿತು. ಪೆನ್ನು ಮುಚ್ಚಿ ಎದ್ದೇ ಬಿಡುವವನಿದ್ದ. ಮುಂದಿನ ಬೆಂಚಿನ ಹುಡುಗಿ ಹೆಚ್ಚಿಗೆ ಹಾಳೆ ಕೇಳಿದಳು. ಮೇಲ್ವಿಚಾರಕಿ ಬಂದವಳು ನಿಮಗೂ ಬೇಕಾ ಎಂದಳು. ಬೇಡ ಎನ್ನಲು ನಾಚಿಕೆಯಾಗಿ ತೆಗೆದುಕೊಂಡ. ತೆಗೆದುಕೊಂಡ ಮೇಲೆ ಬರೆಯಲೇಬೇಕಾಯಿತು. ಕೊನೆಯ ಗಂಟೆ ಹೊಡೆಯುವವರೆಗೆ ಕೂತ.

ಫಲಿತಾಂಶ ಬಂದಾಗ ಅವಳು ಎಲ್ಲದರಲ್ಲೂ ಪಾಸು. ಅವನು ಗಣಿತದಲ್ಲಿ ಮೂರು ಅಂಕಕ್ಕೆ ಫೇಲು. ಈ ಸಲ ಅವನು ಫೇಲು ಎಂದು ಮೊದಲು ತಾನೇ ಹೇಳಿದ, ಇಸ್ತ್ರಿಯವರಿಗೆ, ಮ್ಯಾನೇಜರಿಗೆ, ದೂರದೂರಿನ ಮಗಳಿಗೆ ಫೋನಿನಲ್ಲಿ. ಮೂರು ತಿಂಗಳ ಮೇಲೆ ಮತ್ತೆ ಬರೆದು ನಲವತ್ತೊಂದು ತೆಗೆದು ಪಾಸಾದ.

ಅವಳೀಗ ಔಷಧಿಯ ಕೋರ್ಸಿಗೆ ಸೇರಿದ್ದಾಳೆ, ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು. ಅವಳ ತರಗತಿ ಎಂಟಕ್ಕೇ ಶುರುವಾಗುವುದರಿಂದ ಬೆಳಗಿನ ಅಡುಗೆ ಅವನದು. ಅವನ ಪರವಾನಗಿಯ ಪರೀಕ್ಷೆ ಬರುವ ತಿಂಗಳಿದೆ. ಕ್ಷಮಿಸಿದ್ದಾಳೋ ಇಲ್ಲವೋ ಎಂದು ಅವನು ಕೇಳಿಲ್ಲ, ಅವಳೂ ಹೇಳಿಲ್ಲ. ಮೊನ್ನೆ ಅವಳು ಅವಸರದಲ್ಲಿ ತಿನ್ನುತ್ತ, ಉಪ್ಪು ಸರಿಯಾಗಿದೆ ಎಂದಳು. ಅವನು ಒಲೆಯ ಕಡೆ ತಿರುಗಿ ನಿಂತ. ಅವಳು ಹೋಗಿ ಎಷ್ಟೋ ಹೊತ್ತಾದರೂ ಹಾಗೇ ನಿಂತಿದ್ದ.