ಬಸ್ ಆಗದವಳು ಸಂಡೂರಿಗೆ ಹೋದದ್ದು

ಹೊಸಪೇಟೆಯಿಂದ ಹಂಪಿ ಮುಟ್ಟುವಷ್ಟರಲ್ಲಿ ವಾಂತಿ ಮಾಡಿಕೊಂಡವರನ್ನು ನೀವು ನೋಡಿದ್ದೀರಾ? ನಾನು ಮಾಡಿಕೊಂಡಿದ್ದೇನೆ. (ದೂರದ ಓದುಗರಿಗೆ: ಅದು ಅರ್ಧ ತಾಸಿನ ದಾರಿ. ಘಾಟಿ ಇಲ್ಲ.)

ಇದರ ಮೂಲ ನನ್ನ ಮದುವೆ. ಕಂಪ್ಲಿಯ ತವರಿನಿಂದ ವ್ಯಾನಿನಲ್ಲಿ ಹೊಸಪೇಟೆಗೆ ಬರುವಾಗ ಬುಕ್ಕಸಾಗರದ ಹತ್ತಿರ ಹೊಟ್ಟೆ ತೊಳಸಿತು. ಬೆಳಗಿನಿಂದ ಉಪವಾಸ, ಕೊರಳಲ್ಲಿ ಬಾಡಿದ ಹಾರ, ಮೂಗಿಗೆ ಡೀಸೆಲ್. ಯಾರಿಗಾದರೂ ಆಗುತ್ತದೆ. ಆದರೆ ಅತ್ತೆ ಅಂದೇ ತೀರ್ಪು ಕೊಟ್ಟರು: "ನಮ್ಮ ಸೊಸಿಗೆ ಬಸ್ ಆಗಂಗಿಲ್ಲ." ಇದು ವ್ಯಾನು ಎಂದು ತಿದ್ದುವ ಧೈರ್ಯ ಮದುಮಗಳಿಗೆ ಎಲ್ಲಿಂದ ಬರಬೇಕು?

ಮುಂದೆ ಎಲ್ಲಿಗೆ ಹೊರಟರೂ ಅದೇ ಏರ್ಪಾಡು. ಕೈಯಲ್ಲಿ ನಿಂಬೆಹಣ್ಣು, ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಸೀಟಿನ ಮೇಲೆ ಹಾಸಲು ಪೇಪರು. (ಪೇಪರಿನ ಮೇಲೆ ಕೂತರೆ ವಾಂತಿ ಬರುವುದಿಲ್ಲವಂತೆ. ಒಮ್ಮೆ ಅದರಲ್ಲಿ ಅಚ್ಚಾದ ನನ್ನದೇ ಅಂಕಣದ ಮೇಲೆ ಕೂತಿದ್ದೆ. ಗುಣ ಕಾಣಲಿಲ್ಲ.) ಹತ್ತು ನಿಮಿಷಕ್ಕೊಮ್ಮೆ ನಮ್ಮ ಮನೆಯವರು, "ಹೆಂಗ ಅನಸ್ತೈತಿ?" ಅನ್ನುವರು. ಮೂರನೆಯ ಸಲ ಕೇಳುವಷ್ಟರಲ್ಲಿ ವಾಂತಿ ಬಂದ ಹಾಗೇ ಅನಿಸಲು ಶುರುವಾಗುತ್ತಿತ್ತು.

ಹೀಗಾಗಿ ಸಂಡೂರಿನ ಅಕ್ಕನ ಮನೆಗೆ ನಾನು ಹೋದದ್ದು ಎರಡೇ ಸಲ. ಗೃಹಪ್ರವೇಶಕ್ಕೆ, ಆಮೇಲೆ ಭಾವ ತೀರಿಕೊಂಡಾಗ. ಉಳಿದಂತೆ ಅವಳೇ ಬರುತ್ತಿದ್ದಳು. ಪಂಚಮಿಗೆ, ನನ್ನ ಎರಡು ಬಾಣಂತನಕ್ಕೆ, ಪ್ರತಿ ವರ್ಷ ಉಪ್ಪಿನಕಾಯಿ ಹಾಕುವಾಗ.

ಕಳೆದ ತಿಂಗಳು ಅಕ್ಕ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಮಗ ಗಣಿಯ ಶಿಫ್ಟಿಗೆ ಹೋದರೆ ಮನೆಯಲ್ಲಿ ಅವಳೊಬ್ಬಳೇ. ಫೋನ್ ಮಾಡಿದರೆ, "ನೀ ಬರಬ್ಯಾಡ, ನಿನಗ ಬಸ್ ಆಗಂಗಿಲ್ಲ," ಎಂದಳು. ನಮ್ಮ ಮನೆಯವರು, "ತಡಿ, ಐತವಾರ ನಾನ ಕರ್ಕೊಂಡು ಹೋಗ್ತೀನಿ," ಎಂದರು. ಅಂದು ಮಂಗಳವಾರ. ಐತವಾರದ ತನಕ ಅವಳಿಗೆ ಎರಡು ರೊಟ್ಟಿ ಬಡಿದು ಹಾಕುವವರು ಯಾರು?

ಬುಧವಾರ ಬೆಳಿಗ್ಗೆ ಒಬ್ಬಳೇ ಬಸ್ ಹತ್ತಿದೆ.

ಪಕ್ಕದಲ್ಲಿ ಮರಿಯಮ್ಮನಹಳ್ಳಿಯ ಹಿರಿಯಾಕೆ, ಸಂಡೂರಿನ ಮಗಳ ಮನೆಗೆ ಹೊರಟವರು. ಮುಂದೆ ಅದಿರಿನ ಲಾರಿಗಳ ಸಾಲು. ಬಸ್ಸು ತಿರುವಿನಲ್ಲಿ ವಾಲಿದಾಗ ನಾನು ಕವರು ಬಿಚ್ಚಿ ಸಿದ್ಧಳಾದೆ. ಏನೂ ಬರಲಿಲ್ಲ. ಬಂದದ್ದು ಪಕ್ಕದಾಕೆಗೆ. ಕವರು ಅವರಿಗೆ ಕೊಟ್ಟೆ. ಬೆನ್ನು ನೀವಿದೆ, ನಿಂಬೆಹಣ್ಣು ಮೂಸಲು ಕೊಟ್ಟೆ.

ಚೇತರಿಸಿಕೊಂಡು ಅವರು ನನ್ನನ್ನು ನೋಡಿದರು. "ಎಲ್ಲಾ ತಯಾರಿ ಮಾಡ್ಕೊಂಡು ಬಂದೀರಲ್ರಿ ಯವ್ವಾ. ಭಾಳ ಊರು ತಿರಗ್ಯಾಡಿದಂಗ ಕಾಣ್ತೀರಿ."

"ಹೂಂ ರೀ," ಎಂದೆ. (ಪಾಪ, ಸುಸ್ತಾದವರ ಜೊತೆ ವಾದ ಮಾಡಬಾರದು.)

ಬಸ್ಸಿಳಿದ ಮೇಲೆ ಹೊಳೆಯಿತು. ದಾರಿಯುದ್ದಕ್ಕೂ ನನಗೆ ಹೆಂಗ ಅನಸ್ತೈತಿ ಎಂದು ಒಬ್ಬರೂ ಕೇಳಿರಲಿಲ್ಲ. ಪ್ರವಾಸ ಮಾಡಿದರೆ ನಮ್ಮ ಅರಿವು ನಮಗಾಗುತ್ತದೆ ಎನ್ನುತ್ತಾರೆ. ಅದಕ್ಕೆ ಹಿಮಾಲಯದ ತನಕ ಹೋಗಬೇಕೇನೋ ಅಂದುಕೊಂಡಿದ್ದೆ. ಇಪ್ಪತ್ತೆಂಟು ವರ್ಷ ಬಸ್ಸಿನ ಮೇಲೆ ಹೊರಿಸಿದ್ದ ಅಪವಾದ ಸಂಡೂರಿನ ಒಂದು ತಾಸಿನ ದಾರಿಯಲ್ಲಿ ಕಳಚಿತು.

ಈ ಸುದ್ದಿಯನ್ನು ಮೊದಲು ಅಕ್ಕನಿಗೇ ಹೇಳಬೇಕೆಂದು ಜಲ್ದಿ ಜಲ್ದಿ ನಡೆದೆ. ಅವಳು ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದಳು. ನಮ್ಮ ಮನೆಯವರು ಫೋನ್ ಮಾಡಿ ತಿಳಿಸಿದ್ದರಂತೆ. ನಾನು ಬಂದ ಕೂಡಲೇ ಅಡ್ಡಾಗಲೆಂದು ಚಾಪೆ ಹಾಸಿತ್ತು. ಬದಿಗೆ ತಲೆದಿಂಬು, ಒಂದು ತಂಬಿಗೆ ನೀರು. ಆ ಕಾಲಿನಲ್ಲಿ ಹೇಗೆ ಬಗ್ಗಿ ಹಾಸಿದಳೋ.

"ಮೊದಲು ಮಲಕ್ಕೋ. ಎಷ್ಟು ಸಲ ಆತು?"

"ಒಂದು ಸಲಾನೂ ಇಲ್ಲಕ್ಕ. ನನಗ ಬಸ್ ಆಗ್ತೈತಿ. ಮೊದಲಿಂದ್ಲೂ ಆಗ್ತಿತ್ತು ಅನಸ್ತೈತಿ."

ಅಕ್ಕ ನಗಲಿಲ್ಲ.

"ಹಂಗಾರ ಇಷ್ಟು ವರ್ಷ ಯಾಕ ಬರಲಿಲ್ಲ?"