ಗಣಪತಿಯ ಹಣೆಯ ಕೆಂಪು ಹರಳು

ಆ ದಿನಗಳಲ್ಲಿ ನಮ್ಮ ಪಾಲಿಗೆ ಹರಳು ಅಂದರೆ ನಮ್ಮ ಚೆಂಡಿಯಾ ಊರಿನ ಸಮುದ್ರ ದಂಡೆಯಲ್ಲಿ ಸಿಗುವ ಗಾಜಿನ ಚೂರು. ಒಡೆದ ಬಾಟಲಿಗಳನ್ನು ತೆರೆ ಉಜ್ಜಿ ಉಜ್ಜಿ ನುಣ್ಣಗೆ ಮಾಡಿ ದಂಡೆಗೆ ಎಸೆಯುತ್ತಿತ್ತು. ಸೋಡಾ ಬಾಟಲಿಯ ಹಸಿರು ಬೇಕಾದಷ್ಟು, ಔಷಧಿ ಬಾಟಲಿಯ ಕಂದು ಅದಕ್ಕಿಂತ ಹೆಚ್ಚು. ಕೆಂಪು ಮಾತ್ರ ಸಿಗುತ್ತಲೇ ಇರಲಿಲ್ಲ. ನಾನೂ ದೊಡ್ಡಪ್ಪನ ಮಗಳು ದೀಪಾನೂ ಶಾಲೆ ಬಿಟ್ಟೊಡನೆ ಅದನ್ನೇ ಹೆಕ್ಕುತ್ತಿದ್ದೆವು. ಫ್ರಾಕಿನ ಜೇಬಿನ ತುಂಬ ಮರಳು, ಕೈಗೆ ಒಣಮೀನಿನ ವಾಸನೆ, ಮನೆಗೆ ಹೋದರೆ ಬೈಗುಳ.

ಮನೆಯಲ್ಲಿ ಕೆಂಪು ಇತ್ತು, ಅದೂ ಎರಡು. ಚೌತಿಯ ಗಣಪತಿಯ ಹಣೆಗೆ ಮೇಣ ಹಚ್ಚಿ ಕೆಂಪು ಹರಳೊಂದನ್ನು ಕೂರಿಸುವುದು, ನೀರಿಗೆ ಬಿಡುವ ಮೊದಲು ತೆಗೆದಿಡುವುದು ನಮ್ಮಲ್ಲಿಯ ಪದ್ಧತಿ. 'ಹರಳು ಇದ್ದಲ್ಲೇ ಗಣಪತಿ' ಎಂದು ಅಜ್ಜ ಹೇಳಿಟ್ಟಿದ್ದ. ಅಜ್ಜನಿಗೆ ಕಳ್ಳರ ಹೆದರಿಕೆ ಬಹಳ. ಒಮ್ಮೆ ಅದರಂತೆಯೇ ಕಾಣುವ ಇನ್ನೊಂದನ್ನು ಮಾಡಿಸಿ ತಂದು, ಎರಡನ್ನೂ ಒಂದೇ ನಮೂನೆಯ ಎರಡು ಡಬ್ಬಿಗಳಲ್ಲಿಟ್ಟ. ಅಸಲಿ ಯಾವುದೆಂದು ಹೇಳದೆ ತೀರಿಕೊಂಡ. ಕಳ್ಳರಿಗೆ ಗೊತ್ತಾಗಬಾರದೆಂದು ಮಾಡಿದ್ದು, ಮಕ್ಕಳಿಗೂ ಗೊತ್ತಾಗಲಿಲ್ಲ.

ನೌಕಾನೆಲೆಗೆಂದು ಸರಕಾರ ಊರಿನ ಜಾಗ ತೆಗೆದುಕೊಂಡಾಗ ಕೂಡಿದ್ದ ಮನೆ ಎರಡಾಗಿ, ದೊಡ್ಡಪ್ಪನ ಮನೆಯವರು ಕಾರವಾರದ ಶಿರವಾಡಕ್ಕೆ, ನಾವು ಅಂಕೋಲೆಗೆ ಬಂದೆವು. ದೊಡ್ಡಪ್ಪ ಒಂದು ಡಬ್ಬಿ ಒಯ್ದ, ಅಪ್ಪ ಒಂದು. ಚೌತಿ ಹತ್ತಿರ ಬಂದಂತೆ, ಗಣಪತಿ ಯಾರ ಮನೆಯಲ್ಲಿ ಎಂಬ ಪ್ರಶ್ನೆ ಎದ್ದಿತು. ಇಬ್ಬರೂ ತಮ್ಮದೇ ಅಸಲಿ ಎಂದರು. ನನಗೂ ದೀಪಾಳಿಗೂ ಆಗಲೇ ಬೇರೆ ಬೇರೆ ಶಾಲೆ. ಚೌತಿಗೆ ಒಂದೇ ಚಾಪೆಯ ಮೇಲೆ ಮಲಗಿ ಹರಟುವುದೊಂದು ಉಳಿದಿತ್ತು. ಹಬ್ಬ ಎಲ್ಲಿಯಾದರೇನು, ಕೂಡಿ ಆದರೆ ಸಾಕಿತ್ತು. ಆದರೂ ನಮ್ಮ ಮನೆಯಲ್ಲೇ ಆಗಲಿ ಎಂದು ನನಗೆ ಒಳಗೊಳಗೇ ಆಸೆ.

ತೀರ್ಮಾನ ಸುಮನತ್ತೆಯ ಪಾಲಿಗೆ ಬಂತು. ಅಪ್ಪ, ದೊಡ್ಡಪ್ಪ ಇಬ್ಬರಿಗೂ ತಂಗಿ. ಮುಂಬಯಿಯಲ್ಲಿ ರತ್ನಪರೀಕ್ಷೆ ಕಲಿತು ಅಲ್ಲೇ ಕೆಲಸಕ್ಕಿದ್ದಳು. ಅವಳು ನಮ್ಮಲ್ಲಿಗೆ ಬಂದ ಸುದ್ದಿ ತಿಳಿದು ದೊಡ್ಡಪ್ಪ ಡಬ್ಬಿ ಹಿಡಿದು ದೀಪಾಳೊಂದಿಗೆ ಬಸ್ಸಿನಲ್ಲಿ ಬಂದ. ದೊಡ್ಡವರ ಊಟ ಮುಗಿಯುವವರೆಗೆ ಅತ್ತೆ ನಮ್ಮಿಬ್ಬರ ಗಾಜಿನ ಚೂರುಗಳನ್ನು ಮುಂದಿಟ್ಟುಕೊಂಡು ಪಾಠ ಮಾಡಿದಳು.

"ಗಾಜು ತುಟಿಗೆ ತಾಗ್ಸಿದ್ರೆ ಬೇಗ ಬೆಚ್ಚಗಾಗ್ತದೆ. ಕಲ್ಲು ತಂಪಾಗೇ ಇರ್ತದೆ. ಈ ಭೂತಗನ್ನಡಿಲಿ ನೋಡಿ, ಒಳಗೆ ದುಂಡು ಗುಳ್ಳೆ ಕಂಡ್ರೆ ಗಾಜು. ನೆಲದಲ್ಲಿ ಹುಟ್ಟಿದ ಕಲ್ಲಿನ ಹೊಟ್ಟೆಲಿ ಸೂಜಿಯಂಥ ಗೆರೆ, ಎಂತಾದ್ರೂ ಕಸ ಇರೂದೇ ಹೆಚ್ಚು."

"ಚೊಕ್ಕ ಇದ್ರೆ ಒಳ್ಳೇದಲ್ವಾ ಅತ್ತೆ?" ಎಂದಳು ದೀಪಾ.

"ಭಾರೀ ಚೊಕ್ಕ ಇದ್ರೆ ನಂಗೆ ಸಂಶಯ ಬರೂದು."

ಕಣ್ಣಿಗೊತ್ತಿ ಹಿಡಿಯುವ ಆ ಪುಟ್ಟ ಭೂತಗನ್ನಡಿಗಾಗಿ ನಾವಿಬ್ಬರೂ ಕಿತ್ತಾಡಿದೆವು. ಹಸಿರು ಚೂರಿನೊಳಗೆ ಗುಳ್ಳೆಗಳು ನಿಂತಿದ್ದವು, ಸೋಡಾ ಇನ್ನೂ ಖಾಲಿಯಾಗಿಲ್ಲವೇನೋ ಎಂಬಂತೆ.

ಆಮೇಲೆ ಅತ್ತೆ ಕಿಟಕಿಯ ಹತ್ತಿರ ಕೂತು ಎರಡು ಡಬ್ಬಿಗಳನ್ನೂ ತೆರೆದಳು. ಹೊಸ ಮನೆಯ ಸಿಮೆಂಟಿನ ಹಸಿ ವಾಸನೆ ಇನ್ನೂ ಹೋಗಿರಲಿಲ್ಲ. ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ ಡಬ್ಬಿಗೆ ಹಾಕಿದಳು.

"ಎರಡೂ ನಮ್ಮಪ್ಪನ ಕೈಯಿಂದ ಬಂದದ್ದೇ ಅಲ್ವಾ. ಒಂದ್ವರ್ಷ ಅಲ್ಲಿ, ಒಂದ್ವರ್ಷ ಇಲ್ಲಿ ಕೂರ್ಸೂಕೆ ಆಗೂದಿಲ್ವಾ?"

"ಕೇಳಿದ್ದು ಅದಲ್ಲ ತಂಗಿ. ನೋಡ್ದಿ, ಹೇಳು," ಎಂದ ದೊಡ್ಡಪ್ಪ.

ಅಪ್ಪನೂ "ಹೌದು, ಹೇಳಿಬಿಡು" ಎಂದ. ಅತ್ತೆ ಡಬ್ಬಿಗಳ ಮುಚ್ಚಳ ಹಾಕಲು ಹೊರಟಳು. ಅಷ್ಟರಲ್ಲಿ ದೀಪಾ "ನಂಗೂ ತೋರ್ಸು" ಎಂದು ಅತ್ತೆಯ ಮಡಿಲಿನಿಂದ ಭೂತಗನ್ನಡಿ ಎತ್ತಿಕೊಂಡು, ಹತ್ತಿರವಿದ್ದ ಡಬ್ಬಿಯ ಹರಳನ್ನು ಬೆಳಕಿಗೆ ಹಿಡಿದಳು.

"ಗುಳ್ಳೆ ಉಂಟು ಅತ್ತೆ. ದುಂಡಗೆ. ನೀ ಹೇಳ್ದಂಗೇ."

ಪಾಠ ಸರಿಯಾಗಿ ಒಪ್ಪಿಸಿದ ಖುಷಿ ಅವಳ ಮುಖದ ಮೇಲಿತ್ತು. ಹರಳನ್ನು ಮರಳಿ ಇಡಲು ಹೋಗಿ, ಡಬ್ಬಿ ದೊಡ್ಡಪ್ಪನ ಕಡೆಗಿದ್ದದ್ದನ್ನು ನೋಡಿದಳು. ಅದು ಅವರ ಮನೆಯದು.

ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ದೊಡ್ಡಪ್ಪ ಹರಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು "ಸರಿ, ಗಣಪತಿ ಇಲ್ಲೇ ಕೂರ್ಲಿ" ಎಂದ. ಚಾ ಪೂರ್ತಿ ಕುಡಿದ, ಅಮ್ಮನಿಗೆ ಹೇಳಿ ಹೊರಟ. ಸಿಟ್ಟಿನಲ್ಲಿ ಎದ್ದು ಹೋಗಿದ್ದರೆ ಅಪ್ಪ ಬಸ್ ನಿಲ್ದಾಣದವರೆಗೂ ಓಡಿ ಕರೆತರುತ್ತಿದ್ದ. ಹಾಗೆ ಓಡಲು ದೊಡ್ಡಪ್ಪ ಕಾರಣವನ್ನೇ ಕೊಡಲಿಲ್ಲ.

ನಮ್ಮದೂ ಮಾಣಿಕ್ಯವೇನಲ್ಲ, ಗಾರ್ನೆಟ್ ಎಂಬ ಸಾಧಾರಣ ಕಲ್ಲು ಎಂದು ಅತ್ತೆ ಆಮೇಲೆ ಹೇಳಿದಳು. ಕೇಳಲು ಅಲ್ಲಿ ನಾವು ಮಾತ್ರ ಇದ್ದೆವು.

ಚೌತಿಯ ದಿನ ಅಮ್ಮ ಅಭ್ಯಾಸಬಲದಿಂದ ಹಳೆಯ ಮನೆಯ ಎಲ್ಲರ ಲೆಕ್ಕಕ್ಕೇ ಕಾಯಿಹೂರಣದ ಕರಂಜಿ ಕರಿದಿದ್ದಳು. ಗಣಪತಿಯ ಮೇಲೆ ಕಾಯಿಪಲ್ಲೆ ತೂಗುವ ಫಲಾವಳಿಯನ್ನು ಪ್ರತಿವರ್ಷ ದೊಡ್ಡಪ್ಪನೇ ಕಟ್ಟುತ್ತಿದ್ದ. ಅಪ್ಪನ ಗಂಟು ನಿಲ್ಲದೆ ಮಧ್ಯಾಹ್ನ ಮೊಗೆಕಾಯಿಯೊಂದು ಧೊಪ್ಪನೆ ಬಿತ್ತು. ಕಾರವಾರದ ಕಡೆಯ ಬಸ್ಸಿನ ಸದ್ದಾದಾಗಲೆಲ್ಲ ಅಪ್ಪ ಜಗಲಿಗೆ ಬಂದು ನಿಲ್ಲುತ್ತಿದ್ದ. ಅವರು ಬರಲಿಲ್ಲ. ಶಿರವಾಡದಲ್ಲೂ ಗಣಪತಿ ಕೂತಿದ್ದಾನೆ, ಅವನ ಹಣೆಯ ಮೇಲೂ ಕೆಂಪು ಇದೆ ಎಂದು ಯಾರೋ ಬಂದು ಹೇಳಿದರು. ಅತ್ತೆ ಭೂತಗನ್ನಡಿಯನ್ನು ಚೀಲಕ್ಕೆ ಸೇರಿಸಿದವಳು, ಹೊರಡುವವರೆಗೂ ಹೊರತೆಗೆಯಲಿಲ್ಲ. ಕರಂಜಿ ಡಬ್ಬದಲ್ಲಿ ಮೆತ್ತಗಾಗಿ ಕಮಟು ಹಿಡಿಯಿತು.

ಆ ದಂಡೆ ಈಗ ನೌಕಾನೆಲೆಯ ಗೋಡೆಯ ಆಚೆಗಿದೆ. ಅಪ್ಪನೂ ಇಲ್ಲ, ದೊಡ್ಡಪ್ಪನೂ ಇಲ್ಲ. ಎರಡೂ ಮನೆಗಳಲ್ಲಿ ಗಣಪತಿ ತಪ್ಪದೆ ಕೂರುತ್ತಾನೆ. ಚೌತಿಯ ದಿನ ದೀಪಾ ಫೋನಿಗೆ ಫೋಟೋ ಕಳಿಸುತ್ತಾಳೆ, ನಾನೂ ಕಳಿಸುತ್ತೇನೆ. ಫೋಟೋದಲ್ಲಿ ಯಾವುದು ಕಲ್ಲು, ಯಾವುದು ಗಾಜು ತಿಳಿಯುವುದಿಲ್ಲ. ನಾನು ಅವಳ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಗಣಪತಿಯ ಹಿಂದೆ ನಿಂತವರನ್ನು ಒಬ್ಬೊಬ್ಬರಾಗಿ ನೋಡುತ್ತೇನೆ. ದೀಪಾಳನ್ನು ಬಿಟ್ಟರೆ ಯಾರ ಗುರುತೂ ಸಿಗುವುದಿಲ್ಲ.